ಅಟ್ಟದಲ್ಲಿ ಎಷ್ಟು ಕಾಯಿ?

"ನಿಮ್ಮ ತಂದೆ ಏನು ಮಾಡ್ತಾರಮ್ಮ?"

"ಅಗ್ರಿಕಲ್ಚರಿಸ್ಟ್, ಮೇಡಂ."

ಅಲ್ಲಿಗೆ ಮಾತು ನಿಂತಿತು. ಎದುರಿಗೆ ಕೂತಿದ್ದವಳು ತುರುವೇಕೆರೆ ಕಡೆಯ ಹುಡುಗಿ, ಬಿ.ಕಾಂ. ಕೊನೆಯ ಸೆಮಿಸ್ಟರ್. ಮುಂದಿನ ವಾರ ಬೆಂಗಳೂರಿನ ದೊಡ್ಡ ಅಕೌಂಟಿಂಗ್ ಸಂಸ್ಥೆಯೊಂದರಲ್ಲಿ ಅವಳಿಗೆ ಸಂದರ್ಶನವಿತ್ತು. ಭಾನುವಾರ ಮಧ್ಯಾಹ್ನ, ಸಂಪಿಗೆ ಊರಿನ ನಮ್ಮ ಮನೆ ಜಗಲಿಯಲ್ಲಿ, ಅವಳಿಗೆ ಅಭ್ಯಾಸವಾಗಲಿ ಎಂದು ನಾನು ಪ್ರಶ್ನೆ ಕೇಳುತ್ತಿದ್ದೆ. ಫೈಲನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಉರು ಹೊಡೆದು ಬಂದದ್ದನ್ನೆಲ್ಲ ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು. ತನ್ನ ಬಲವೇನು, ದೌರ್ಬಲ್ಯವೇನು, ಐದು ವರ್ಷದ ನಂತರ ಎಲ್ಲಿರುತ್ತೇನೆ, ಎಲ್ಲವೂ ಬಾಯಿಪಾಠ. ಅಪ್ಪನ ವಿಷಯ ಬಂದಾಗ ಮಾತ್ರ ಒಂದೇ ಪದ ಹೇಳಿ ತಲೆ ತಗ್ಗಿಸಿದಳು.

ನಾನು ಇಂಗ್ಲಿಷ್ ಬಿಟ್ಟು ಕೇಳಿದೆ, "ನಿಮ್ಮನೆ ಅಟ್ಟದಲ್ಲಿ ಈಗ ಎಷ್ಟು ಕಾಯಿ ಇದೆ?"

"ಹನ್ನೆರಡು ಸಾವಿರ ಇರಬೇಕು ಅಂತಾರೆ ಅಪ್ಪ."

"ಹೇಗೆ ಗೊತ್ತು?"

ಅವಳು ಫೈಲನ್ನು ಪಕ್ಕಕ್ಕಿಟ್ಟಳು. ಆಮೇಲಿನ ಹತ್ತು ನಿಮಿಷ ನಾನು ಮಾತಾಡುವ ಅಗತ್ಯವೇ ಬೀಳಲಿಲ್ಲ. ಕಾಯಿ ಕೆಡವಿದ ದಿನ ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು, ಟ್ರ್ಯಾಕ್ಟರ್ ಎಷ್ಟು ಸಲ ಬಂದು ಹೋಯಿತು, ಒಂದು ಟ್ರೈಲರಿಗೆ ಅಂದಾಜು ಎಷ್ಟು ಕಾಯಿ ಹಿಡಿಯುತ್ತದೆ, ದೇವರಿಗೆ, ಮನೆ ಖರ್ಚಿಗೆ, ನೆಂಟರಿಗೆ ಎಷ್ಟು ಹೋಯಿತು, ಇಲಿ ತೂತು ಮಾಡಿದ್ದೆಷ್ಟು, ಎಲ್ಲ ಹೇಳಿದಳು. "ನಿಜವಾದ ಲೆಕ್ಕ ಗೊತ್ತಾಗೋದು ಸುಲಿಯೋರು ಬಂದಾಗ ಮೇಡಂ, ಅವರಿಗೆ ಕೂಲಿ ಸಾವಿರ ಕಾಯಿಗೆ ಇಷ್ಟು ಅಂತ. ಅವರು ಒಂದು ಕಾಯೀನೂ ಕಮ್ಮಿ ಎಣಿಸಲ್ಲ, ನಾವು ಒಂದು ಕಾಯೀನೂ ಜಾಸ್ತಿ ಎಣಿಸೋಕೆ ಬಿಡಲ್ಲ" ಎಂದಳು.

ಇಪ್ಪತ್ತು ವರ್ಷ ಆಡಿಟ್ ಕೆಲಸ ಮಾಡಿದ್ದೇನೆ. ಅದರಲ್ಲಿ ಕೊನೆಯ ಎಂಟು ವರ್ಷ ಹೊಸಬರನ್ನು ಆರಿಸುವ ಮೇಜಿನ ಆಚೆ ಬದಿಯಲ್ಲೂ ಕೂತಿದ್ದೇನೆ. ಹೊರಗಿನ ಸಾಕ್ಷ್ಯ ಎಂದರೆ ಏನು, ಅದಕ್ಕೇಕೆ ಬೆಲೆ ಹೆಚ್ಚು ಎಂಬ ಪ್ರಶ್ನೆಗೆ ಇಷ್ಟು ಚೊಕ್ಕವಾದ ಉತ್ತರ ಕೇಳಿದ್ದು ಕಡಿಮೆ. ಎದುರು ಹಿತಾಸಕ್ತಿ ಇರುವ ಇಬ್ಬರು ಒಪ್ಪಿದ ಸಂಖ್ಯೆಯನ್ನು ನಂಬಬಹುದು ಎಂಬುದು ನಮ್ಮ ವೃತ್ತಿಯ ತಳಪಾಯ. ಅವಳಿಗೆ ಅದು ಗೊತ್ತಿತ್ತು. ಅದನ್ನು ಸಂದರ್ಶನದ ಕೋಣೆಯಲ್ಲಿ ಹೇಳಬಹುದು ಎಂಬುದು ಗೊತ್ತಿರಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗರು ಈ ಸಂಸ್ಥೆಗಳ ಬಾಗಿಲಲ್ಲಿ ಎಡವುವುದು ಬಹುತೇಕ ಇಲ್ಲೇ. ಅದಕ್ಕೇ ಇದನ್ನು ಬರೆಯಲು ಕೂತೆ.

ಮೊದಲು ಆ ಸಂಸ್ಥೆಗಳ ವಿಷಯ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ, ಈ ನಾಲ್ಕನ್ನು ಜಗತ್ತು 'ಬಿಗ್ ಫೋರ್' ಎನ್ನುತ್ತದೆ. ಮೊದಲೆರಡರ ಬೇರು ಲಂಡನ್ನಿನಲ್ಲಿದೆ. ವಿಲಿಯಂ ಡೆಲಾಯ್ಟ್ 1845ರಲ್ಲಿ, ಸ್ಯಾಮ್ಯುಯೆಲ್ ಪ್ರೈಸ್ 1849ರಲ್ಲಿ ಅಲ್ಲಿ ಲೆಕ್ಕದ ಕಚೇರಿ ತೆರೆದರು. 2002ರವರೆಗೆ ಇವು ಐದಿದ್ದವು. ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕ ಪರಿಶೀಲಿಸುತ್ತಿದ್ದ ಆರ್ಥರ್ ಆಂಡರ್ಸನ್ ಆ ಹಗರಣದಲ್ಲಿ ಕುಸಿಯಿತು. ಜಗತ್ತಿನಾದ್ಯಂತ ಸುಮಾರು 85 ಸಾವಿರ ಜನ ದುಡಿಯುತ್ತಿದ್ದ ಸಂಸ್ಥೆ ಕೆಲವೇ ತಿಂಗಳಲ್ಲಿ ಇಲ್ಲವಾಯಿತು. ಲೆಕ್ಕಪರಿಶೋಧಕರ ಬಳಿ ಮಾರಲು ಸರಕಿಲ್ಲ, ನಂಬಿಕೆಯೊಂದೇ ಬಂಡವಾಳ. ಸಂದರ್ಶನದಲ್ಲಿ 'ನೀವು ತಪ್ಪು ಕಂಡಾಗ ಮೇಲಿನವರು ಸುಮ್ಮನಿರು ಎಂದರೆ ಏನು ಮಾಡುತ್ತೀರಿ' ಎಂದು ಕೇಳುತ್ತಾರಲ್ಲ, ಅದರ ಹಿಂದೆ ಈ ಭಯವಿದೆ. ಅದನ್ನು ಬಾಯುಪಚಾರದ ಪ್ರಶ್ನೆ ಎಂದುಕೊಳ್ಳಬೇಡಿ.

ನಮ್ಮ ಪದವೀಧರರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಭಾರತದಲ್ಲಿ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕಲು ಚಾರ್ಟರ್ಡ್ ಅಕೌಂಟೆಂಟ್ ಆಗಿರಲೇಬೇಕು. ಆ ಪದವಿ ಕೊಡುವ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1949ರ ಕಾಯ್ದೆಯಿಂದ. ಸಿ.ಎ. ಮುಗಿಸಿದವರಿಗೆ ಇನ್‌ಸ್ಟಿಟ್ಯೂಟೇ ಕ್ಯಾಂಪಸ್ ಆಯ್ಕೆ ನಡೆಸುತ್ತದೆ. ಬರೀ ಬಿ.ಕಾಂ. ಮಾಡಿದವರಿಗೂ ಬಾಗಿಲು ತೆರೆದದ್ದು ಬೆಂಗಳೂರು, ಹೈದರಾಬಾದುಗಳಲ್ಲಿ ಈ ಸಂಸ್ಥೆಗಳು ಕಟ್ಟಿದ ಜಾಗತಿಕ ಸೇವಾ ಕೇಂದ್ರಗಳಿಂದ. ಅಮೆರಿಕ, ಇಂಗ್ಲೆಂಡಿನ ಕಂಪನಿಗಳ ಆಡಿಟ್ ಕಾಗದ, ತೆರಿಗೆ ರಿಟರ್ನ್‌ಗಳ ತಯಾರಿ ಅಲ್ಲಿ ನಡೆಯುತ್ತದೆ. ಅಮೆರಿಕದ ಪಾಲುದಾರಿಕೆ ಸಂಸ್ಥೆಯ 1065 ನಮೂನೆಯನ್ನು ಗುಬ್ಬಿಯ ಹುಡುಗ ತುಂಬುತ್ತಿರಬಹುದು. ಸೇರುವ ಮುನ್ನ ಇಲ್ಲಿನ ಕಂಪನಿಗಳ ಆಡಿಟ್, ಸೇವಾ ಕೇಂದ್ರ, ಇವೆರಡರಲ್ಲಿ ಯಾವ ಕೆಲಸಕ್ಕೆ ಕರೆದಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಹೊರಗಿನ ಬೋರ್ಡು ಒಂದೇ ಇದ್ದರೂ ಒಳಗಿನ ದಾರಿ ಬೇರೆ ಬೇರೆ.

ಸಂದರ್ಶನ ಹಲವು ಸುತ್ತಿನದು. ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ, ತರ್ಕ, ಇಂಗ್ಲಿಷಿನ ಪರೀಕ್ಷೆ. ಕೆಲವು ಕಡೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಮಾತಾಡಿಸಿ ಉಚ್ಚಾರಣೆ, ಸರಾಗ ನೋಡುತ್ತಾರೆ. ಆಮೇಲೆ ಗುಂಪು ಚರ್ಚೆ, ಇಲ್ಲವೇ ಕೊಟ್ಟ ವಿಷಯದ ಮೇಲೆ ಒಂದು ನಿಮಿಷದ ಮಾತು. ಇವನ್ನು ದಾಟಿದವರಿಗೆ ತಾಂತ್ರಿಕ ಸುತ್ತು, ಕೊನೆಗೆ ಎಚ್.ಆರ್. ಅಥವಾ ಮೇಲಧಿಕಾರಿಯ ಜೊತೆ ಮಾತುಕತೆ. ಮೊದಲಿನವನ್ನು ಅಭ್ಯಾಸದಿಂದ ಗೆಲ್ಲಬಹುದು. ನೂರು ಲೆಕ್ಕ ಮಾಡಿದವನು ಹತ್ತು ಮಾಡಿದವನಿಗಿಂತ ಬೇಗ ಮಾಡುತ್ತಾನೆ, ಅದಕ್ಕೆ ಹೆಚ್ಚು ವಿವರಣೆ ಬೇಡ. ಜನ ಕಾಲು ಜಾರುವುದು ತಾಂತ್ರಿಕ ಸುತ್ತಿನಲ್ಲಿ, ಅದೂ ಸುಲಭದ ಪ್ರಶ್ನೆಗಳಲ್ಲಿ.

ನಾನೂ ಜಾರಿದ್ದೆ. ನನ್ನ ಮೊದಲ ಸಂದರ್ಶನದಲ್ಲಿ ಪ್ರಾವಿಷನ್ನಿಗೂ ರಿಸರ್ವಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಪುಸ್ತಕದಲ್ಲಿದ್ದುದನ್ನು ಹಾಗೇ ಹೇಳಿದೆ. "ಒಂದು ಉದಾಹರಣೆ ಕೊಡಿ" ಎಂದರು. ತಲೆ ಬರಿದಾಯಿತು. ಅಂಗೈ ಬೆವರಿ, ಹಿಡಿದಿದ್ದ ಅಂಕಪಟ್ಟಿಯ ಪ್ಲಾಸ್ಟಿಕ್ ಹಾಳೆ ಬೆರಳಿಗೆ ಅಂಟಿಕೊಂಡದ್ದು ಈಗಲೂ ನೆನಪಿದೆ. ಸಂಜೆ ಪ್ಯಾಸೆಂಜರ್ ರೈಲು ಹತ್ತಿದೆ. ಗುಬ್ಬಿ, ನಿಟ್ಟೂರು ದಾಟಿ ಸಂಪಿಗೆ ರೋಡಿನಲ್ಲಿ ಇಳಿಯುವಷ್ಟರಲ್ಲಿ ಉತ್ತರ ಹೊಳೆದಿತ್ತು. ನಮ್ಮ ತಾತ ಅಟ್ಟದ ಕಾಯಿ ಲೆಕ್ಕ ಹಾಕುವಾಗ ನೂರಕ್ಕೆ ಐದು ಕಾಯಿ ಮೊದಲೇ ಬಿಡುತ್ತಿದ್ದರು. ಕೌಟು ಬರುವುದು, ಅಂದರೆ ಕಾಯಿ ಒಳಗೇ ಕೆಡುವುದು, ಇಲಿ ತಿನ್ನುವುದು ಇದ್ದೇ ಇದೆ, ಯಾವ ಕಾಯಿ ಎಂದು ಗೊತ್ತಿಲ್ಲ ಅಷ್ಟೆ. ಅದು ಪ್ರಾವಿಷನ್. ಇನ್ನು ಕೊಬ್ಬರಿ ಮಾರಿ ಬಂದ ಹಣದಲ್ಲಿ ಅತ್ತೆಯ ಮದುವೆಗೆಂದು ಒಂದಿಷ್ಟು ಬೇರೆ ತೆಗೆದಿಡುತ್ತಿದ್ದರು. ಅದು ಲಾಭ ಬಂದರೆ ಮಾತ್ರ. ಬರದ ವರ್ಷ ತೆಗೆದಿಡಲು ಏನೂ ಇರುತ್ತಿರಲಿಲ್ಲ. ಅದು ರಿಸರ್ವ್. ನಷ್ಟದ ವರ್ಷವೂ ಇಲಿ ತಿನ್ನುವುದನ್ನು ಬಿಡುವುದಿಲ್ಲ, ಹಾಗಾಗಿ ಪ್ರಾವಿಷನ್ ನಷ್ಟದಲ್ಲೂ ಮಾಡಲೇಬೇಕು. ಹದಿನೈದು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದ ನನಗೆ ಆವತ್ತಿನವರೆಗೆ ಅದು ಅರ್ಥವಾಗಿರಲಿಲ್ಲ.

ಆ ಕೆಲಸ ಸಿಗಲಿಲ್ಲ. ಮುಂದಿನದು ಸಿಕ್ಕಿತು.

ತಾತ ಕಾಯಿ ಎಣಿಸುವ ರೀತಿಯನ್ನೂ ಹೇಳಬೇಕು. ಮೊದಲ ಎಣಿಕೆಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಎರಡೆರಡು ಕಾಯಿ ಎಸೆಯುತ್ತ ನೂರಾದ ಕೂಡಲೇ ಒಂದು ಕಾಯಿಯನ್ನು ಬೇರೆ ಇಡುತ್ತಿದ್ದರು. ಕೊನೆಗೆ ಬೇರೆ ಇಟ್ಟ ಕಾಯಿ ಎಣಿಸಿದರೆ ಎಷ್ಟು ನೂರು ಎಂದು ತಿಳಿಯುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿದರೆ ಆ ನೂರು ಮಾತ್ರ ಮತ್ತೆ ಎಣಿಸಬೇಕು, ಇಡೀ ರಾಶಿಯನ್ನಲ್ಲ. ಮುಂದೆ ಕಾರ್ಖಾನೆಗಳ ಗೋದಾಮಿನಲ್ಲಿ ದಾಸ್ತಾನು ಎಣಿಸುವಾಗ ಎಣಿಸಿದ ಪೆಟ್ಟಿಗೆಗೆ ಚೀಟಿ ಅಂಟಿಸಿ, ಚೀಟಿಗಳ ಕ್ರಮಸಂಖ್ಯೆ ಹಿಡಿದು ಲೆಕ್ಕ ಕೂಡಿಸುವುದನ್ನು ನನಗೆ ಕಲಿಸಿದರು. ಅದನ್ನು ಕಲಿಸಿದವರಿಗೆ ನಾನು ತಾತನ ಕಾಯಿಯ ಕಥೆ ಹೇಳಿದ್ದೆ.

ಆಡಿಟರು ಗೋದಾಮಿಗೆ ಹೋಗಿ ಎಣಿಸುವುದು ಮೊದಲಿನಿಂದ ಇದ್ದ ಪದ್ಧತಿಯಲ್ಲ. ಒಂದು ಕಾಲದಲ್ಲಿ ಕಂಪನಿಯವರು ಕೊಟ್ಟ ಪಟ್ಟಿಯನ್ನು ನೋಡಿ, ಕೂಡಿ, ಸಹಿ ಹಾಕುತ್ತಿದ್ದರು. 1938ರಲ್ಲಿ ಅಮೆರಿಕದ ಮೆಕೆಸ್ಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಹಗರಣ ಬಯಲಾಯಿತು. ಪುಸ್ತಕದಲ್ಲಿ ಸುಮಾರು 8.7 ಕೋಟಿ ಡಾಲರಿನ ಆಸ್ತಿಯಿತ್ತು, ಅದರಲ್ಲಿ ಸುಮಾರು 1.9 ಕೋಟಿಯಷ್ಟು ಬರೀ ಸುಳ್ಳು. ಕೆನಡಾದ ಗೋದಾಮುಗಳಲ್ಲಿ ಕಚ್ಚಾ ಔಷಧಿ ಇದೆ ಎಂದು ಬರೆದಿದ್ದರು. ಗೋದಾಮೂ ಇರಲಿಲ್ಲ, ಸರಕೂ ಇರಲಿಲ್ಲ. ಹೋಗಿ ನೋಡಿದವರು ಯಾರೂ ಇರಲಿಲ್ಲ. ಮರುವರ್ಷದಿಂದ ಎರಡು ಪದ್ಧತಿ ಬಿಗಿಯಾದವು. ದಾಸ್ತಾನು ಎಣಿಸುವಾಗ ಆಡಿಟರು ಎದುರಿಗಿರಬೇಕು, ಬಾಕಿದಾರರನ್ನು ಆಡಿಟರೇ ನೇರ ಕೇಳಬೇಕು. ಇವತ್ತು ಭಾರತದಲ್ಲಿ ಇವು ಎಸ್.ಎ. 501 ಮತ್ತು ಎಸ್.ಎ. 505 ಎಂಬ ಮಾನದಂಡಗಳಲ್ಲಿವೆ. ಸಂಖ್ಯೆಗಳನ್ನು ಉರು ಹೊಡೆಯುವ ಮೊದಲು ಆ ಖಾಲಿ ಗೋದಾಮನ್ನು ಕಣ್ಣ ಮುಂದೆ ತಂದುಕೊಳ್ಳಿ, ಸಂಖ್ಯೆ ತಾನಾಗಿ ನೆನಪಿರುತ್ತದೆ.

ನಮ್ಮವೇ ಗಾಯಗಳೂ ಇವೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಬ್ಯಾಂಕಿನಲ್ಲಿ ಹಣ ಇದೆಯೇ ಎಂದು ತಿಳಿಯಲು ಬ್ಯಾಂಕನ್ನೇ ಕೇಳಬೇಕು, ಉತ್ತರ ನೇರ ತನ್ನ ಕೈಗೇ ಬರಬೇಕು. ಪಾಸ್‌ಬುಕ್ ತೋರಿಸಿ ಎಂದು ಖಾತೆದಾರನನ್ನೇ ಕೇಳಿದರೆ ಸಾಲದು. ಈ ಒಂದು ವಾಕ್ಯವನ್ನು ಅರ್ಥ ಮಾಡಿಕೊಂಡು ಹೇಳಿದ ಅಭ್ಯರ್ಥಿಯನ್ನು ನಾನು ಯಾವತ್ತೂ ಬಿಟ್ಟವಳಲ್ಲ.

ಮೇಲಿನದೆಲ್ಲ ಹೇಳಿದಾಗ ಆ ಹುಡುಗಿ, "ನಮ್ಮೂರ ಕಥೆ ಥರಾನೇ ಇದೆಯಲ್ಲ ಮೇಡಂ" ಎಂದಳು. ಯಾವ ಕಥೆ ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಜೈಮಿನಿ ಭಾರತದ ಹಂಸಧ್ವಜ ರಾಜನ ಚಂಪಕಪುರಿಯೇ ಇವತ್ತಿನ ಸಂಪಿಗೆ ಎಂಬುದು ನಮ್ಮ ಕಡೆಯವರ ನಂಬಿಕೆ. ಯುದ್ಧಕ್ಕೆ ತಡವಾಗಿ ಬಂದವರನ್ನು ಕುದಿಯುವ ಎಣ್ಣೆಗೆ ಹಾಕುವುದಾಗಿ ರಾಜ ಡಂಗುರ ಹೊಡೆಸಿದ್ದ. ತಡವಾಗಿ ಬಂದವನು ಸ್ವಂತ ಮಗ ಸುಧನ್ವ. ಅವನನ್ನು ಕೊಪ್ಪರಿಗೆಗೆ ಹಾಕಿದರೂ ಕೂದಲು ಕೊಂಕಲಿಲ್ಲ. ಪುರೋಹಿತರಾದ ಶಂಖ, ಲಿಖಿತರಿಗೆ ಅನುಮಾನ, ಎಣ್ಣೆ ಕಾದಿದೆಯೋ ಇಲ್ಲವೋ ಎಂದು. ಒಂದು ತೆಂಗಿನಕಾಯಿಯನ್ನು ಅದಕ್ಕೆ ಹಾಕಿಸಿದರು. ಕಾಯಿ ಸಿಡಿದು ಎರಡು ಹೋಳಾಗಿ ಇಬ್ಬರ ಹಣೆಗೂ ಬಡಿಯಿತು.

ಕಥೆ ಹೇಳುವವರು ಭಕ್ತನ ಮಹಿಮೆಗಾಗಿ ಹೇಳುತ್ತಾರೆ, ಸರಿಯೇ. ಚಿಕ್ಕಂದಿನಿಂದ ನನ್ನ ಮನಸ್ಸು ಮಾತ್ರ ಆ ಕಾಯಿಯ ಮೇಲೆ. ಎಣ್ಣೆ ಕಾದಿದೆ ಎಂದು ಅರಮನೆಯವರು ಹೇಳಿದ್ದನ್ನು ನಂಬದೆ ತಾವೇ ಪರೀಕ್ಷೆ ಮಾಡಿದರಲ್ಲ! ಮಾಡಿದ ವಿಧಾನ ಸರಿಯಾಗಿತ್ತು, ಬಂದ ಉತ್ತರ ಅವರ ಅನುಮಾನದ ವಿರುದ್ಧವಾಗಿತ್ತು. ಆಡಿಟ್ ಕೆಲಸದಲ್ಲಿ ಹೀಗಾಗುವುದೇ ಹೆಚ್ಚು. ನೂರು ಕಡೆ ಅನುಮಾನಪಟ್ಟು ನೋಡಿದರೆ ತೊಂಬತ್ತೊಂಬತ್ತು ಕಡೆ ಲೆಕ್ಕ ಸರಿಯಿರುತ್ತದೆ, ಹಣೆಗೆ ಬಡಿಸಿಕೊಂಡು ಮುಂದೆ ಹೋಗಬೇಕು. ಹಾಗೆಂದು ಮುಂದಿನ ಕೊಪ್ಪರಿಗೆಗೆ ಕಾಯಿ ಹಾಕದೆ ಬಿಡುವಂತಿಲ್ಲ. ಅನುಮಾನ ಪಡುವುದೂ ಗೌರವ ಕೊಡುವುದೂ ಒಟ್ಟಿಗೇ ಇರಬಲ್ಲವು ಎಂದು ಸಂದರ್ಶಕರಿಗೆ ಮನವರಿಕೆ ಮಾಡಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಅಷ್ಟು ಹೊತ್ತಿಗೆ ಕಾಫಿ ಬಂತು. ನಾವು ಅವಳ ಹನ್ನೆರಡು ಸಾವಿರ ಕಾಯಿಗೇ ವಾಪಸಾದೆವು. ನಮ್ಮ ಕಡೆ ಸಾವಿರ ಕಾಯಿಗೆ ಒಂದೂಕಾಲಿನಿಂದ ಒಂದೂವರೆ ಕ್ವಿಂಟಲ್ ಉಂಡೆ ಕೊಬ್ಬರಿ ಎಂಬುದು ಬಾಯಿಲೆಕ್ಕ. ಹಾಗಾದರೆ ಹನ್ನೆರಡು ಸಾವಿರಕ್ಕೆ 15ರಿಂದ 18 ಕ್ವಿಂಟಲ್ ಆಗಬೇಕು. "ಮಾರಿದ ಪಟ್ಟಿಯಲ್ಲಿ 11 ಕ್ವಿಂಟಲ್ ಇದೆ ಅಂದ್ಕೋ. ನೀನು ಆಡಿಟರು. ಏನು ಮಾಡ್ತೀಯ?" ಎಂದೆ.

ಮೊದಲು "ಕಳ್ಳತನ ಆಗಿದೆ ಮೇಡಂ" ಎಂದಳು. ಈ ಆತುರವನ್ನು ಎಷ್ಟೋ ಅಭ್ಯರ್ಥಿಗಳಲ್ಲಿ ನೋಡಿದ್ದೇನೆ. ಕಳ್ಳತನ ಕೊನೆಯ ಮಾತು, ಅದನ್ನು ಮೊದಲು ಆಡಬಾರದು ಎಂದೆ. ಯೋಚಿಸಿದಳು. ಬೆರಳು ಮಡಿಚುತ್ತ ಹೋದಳು. ಅಟ್ಟದಲ್ಲಿ ಇನ್ನೂ ಉಳಿದಿರಬಹುದು, ಹತ್ತಿ ನೋಡಬೇಕು. ಮಳೆ ಕೈಕೊಟ್ಟ ವರ್ಷದ ಕಾಯಿ ಸಣ್ಣದು, ತೂಕ ಕಮ್ಮಿ ಬಂದಿರಬಹುದು. ಹಸಿಗಾಯಿ ಬೆಲೆ ಏರಿದಾಗ ಒಂದಿಷ್ಟು ಎಳೆದು ಮಾರಿರಬಹುದು. ಕೌಟು ಜಾಸ್ತಿ ಬಂದಿರಬಹುದು, ಹಾಗಿದ್ದರೆ ಕೌಟು ಕೊಬ್ಬರಿಯೂ ಎಲ್ಲೋ ಎಣ್ಣೆಗೆ ಮಾರಿರಬೇಕು, ಅದರ ದುಡ್ಡೆಲ್ಲಿ? ಸ್ವಲ್ಪ ತಡೆದು, ದನಿ ತಗ್ಗಿಸಿ, "ಬಿಳಿ ಚೀಟಿಲಿ ಮಾರಿರಬಹುದು" ಎಂದಳು. ಮಾರುಕಟ್ಟೆಯ ದಾಖಲೆಗೆ ಸೇರದ ಆ ತುಂಡು ಕಾಗದ ನಮ್ಮ ರೈತ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ?

"ಯಾವುದು ನಿಜ ಅಂತ ಹೇಗೆ ಗೊತ್ತಾಗುತ್ತೆ?"

"ಸುಲಿದೋರಿಗೆ ಎಷ್ಟು ಕೂಲಿ ಕೊಟ್ಟಿದ್ದಾರೆ ನೋಡ್ತೀನಿ. ಹನ್ನೆರಡು ಸಾವಿರಕ್ಕೆ ಕೊಟ್ಟಿದ್ರೆ ಕಾಯಿ ಅಟ್ಟದಿಂದ ಇಳಿದಿದೆ. ಎಂಟು ಸಾವಿರಕ್ಕೇ ಕೊಟ್ಟಿದ್ರೆ ಮಿಕ್ಕಿದ್ದು ಮೇಲೇ ಇರಬೇಕು."

ಕಡಿಮೆಯೆಂದರೂ 4 ಕ್ವಿಂಟಲ್ ವ್ಯತ್ಯಾಸ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ಲೆಕ್ಕದಲ್ಲೇ 48,400 ರೂಪಾಯಿ ಆಯಿತು. ಆ ವರ್ಷ ತಿಪಟೂರು ಮಾರುಕಟ್ಟೆಯ ಧಾರಣೆ 20 ಸಾವಿರವನ್ನೂ ದಾಟಿತ್ತು. ಒಂದು ಸಣ್ಣ ತೋಟದ ಲೆಕ್ಕದಲ್ಲಿ ಇದು ಬಿಟ್ಟುಬಿಡುವ ಮೊತ್ತವೇ? ದೊಡ್ಡ ಕಂಪನಿಯ ಲೆಕ್ಕದಲ್ಲಿ? ಎಷ್ಟು ದೊಡ್ಡ ವ್ಯತ್ಯಾಸ ಯಾವ ಲೆಕ್ಕಕ್ಕೆ ಮುಖ್ಯ ಎನ್ನುವ 'ಮಟೀರಿಯಾಲಿಟಿ' ಎಂಬ ಪದ ಹೇಳದೆಯೇ ಆ ವಿಷಯ ಅವಳಿಗೆ ತಲೆಗೆ ಹೋಯಿತು.

ಧಾರಣೆ ಏರಿದ್ದರಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಸಂದರ್ಶನದಲ್ಲಿ ಇದನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತಾರೆ. ಗೋದಾಮಿನ ಸರಕಿನ ಬೆಲೆ ಮಾರುಕಟ್ಟೆಯಲ್ಲಿ ಏರಿದರೆ ಪುಸ್ತಕದಲ್ಲೂ ಏರಿಸಬಹುದೇ? ವ್ಯಾಪಾರಿಯ ದಾಸ್ತಾನಾದರೆ ಇಲ್ಲ. ಕೊಂಡ ಬೆಲೆ, ಮಾರಿದರೆ ಖರ್ಚು ಕಳೆದು ಕೈಗೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಬೆಲೆ ಬಿದ್ದರೆ ಇವತ್ತೇ ನಷ್ಟ ತೋರಿಸು, ಏರಿದರೆ ಮಾರುವವರೆಗೆ ತಾಳು. ತೋಟ ಕಂಪನಿಯದಾದರೆ ಲೆಕ್ಕ ಇನ್ನೂ ಸ್ವಾರಸ್ಯ. ಭಾರತದ ಲೆಕ್ಕಪತ್ರ ಮಾನದಂಡವಾದ ಇಂಡ್ ಎ.ಎಸ್. 16ರ ಪ್ರಕಾರ ತೆಂಗಿನ ಮರ ಕಾರ್ಖಾನೆಯ ಯಂತ್ರ ಇದ್ದಂತೆ. ವರ್ಷ ವರ್ಷ ಫಸಲು ಕೊಡುವ 'ಬೇರರ್ ಪ್ಲಾಂಟ್' ಎಂದು ಅದನ್ನು ಕರೆದು, ಆಯಸ್ಸು ಅಂದಾಜು ಮಾಡಿ ಸವಕಳಿ ಹಾಕಬೇಕು. ಮರದಲ್ಲಿ ಬೆಳೆಯುತ್ತಿರುವ ಕಾಯಿಗೆ ಮಾತ್ರ ಇಂಡ್ ಎ.ಎಸ್. 41. ಅದನ್ನು ಅಂದಿನ ನ್ಯಾಯಬೆಲೆಯಲ್ಲಿ ಮಾರಾಟದ ಖರ್ಚು ಕಳೆದು ತೋರಿಸಬೇಕು. ಕೆಡವಿದ ದಿನದ ಬೆಲೆಯೇ ಮುಂದಕ್ಕೆ ಅದರ ಅಸಲು. ಅಟ್ಟ ಹತ್ತಿದ ಮೇಲೆ ಅದು ಎಲ್ಲ ಸರಕಿನಂತೆ ದಾಸ್ತಾನು, ಇಂಡ್ ಎ.ಎಸ್. 2. ಒಂದೇ ಕಾಯಿಯ ದಾರಿಯಲ್ಲಿ ಮೂರು ಮಾನದಂಡ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗರು ಇದನ್ನು ಕಣ್ಣಿಗೆ ಕಟ್ಟಿಕೊಳ್ಳಲು ಒದ್ದಾಡುವುದನ್ನು ನೋಡಿದ್ದೇನೆ. ನಮ್ಮ ಮಕ್ಕಳಿಗೆ ಮರ, ಗೊನೆ, ಅಟ್ಟ ಮೂರೂ ಮನೆಯಲ್ಲೇ ಇವೆ.

ಅಟ್ಟ ಕಲಿಸುವ ಇನ್ನೊಂದು ಪಾಠವೂ ಇದೆ. ಎಂಟು ತಿಂಗಳಿಂದ ವರ್ಷದವರೆಗೆ ಅಟ್ಟದಲ್ಲಿ ಕೂತ ಕಾಯಿ ಒಳಗಿನ ನೀರನ್ನು ತಾನೇ ಹೀರಿಕೊಂಡು, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಸದ್ದು ಹೇಳುತ್ತದೆ. ನೀರಿನ ಸದ್ದಾದರೆ ಇನ್ನೂ ಕಾಯಬೇಕು. ಗಟ್ಟಿಯಾಗಿ ಲೊಟ್ಟೆನ್ನುವ ಸದ್ದಾದರೆ ಆಯಿತು. ನಮ್ಮಜ್ಜಿ ರಾಶಿಯ ಮೇಲಿನ ಕಾಯಿ ಯಾವತ್ತೂ ಅಲ್ಲಾಡಿಸುತ್ತಿರಲಿಲ್ಲ. ಕೈ ಒಳಗೆ ತೂರಿಸಿ, ಮೂಲೆಯಿಂದ ಒಂದು, ಅಡಿಯಿಂದ ಒಂದು ಎಳೆದು ನೋಡುತ್ತಿದ್ದರು. ಮೇಲಿನದು ಒಲೆಯ ಬಿಸಿಗೋ ಹೆಂಚಿನ ಬಿಸಿಗೋ ಬೇಗ ಒಣಗಿರುತ್ತದೆ, ಅದನ್ನು ನಂಬಿ ಅಟ್ಟ ಇಳಿಸಿದರೆ ಕೆಟ್ಟೆವು ಎನ್ನುತ್ತಿದ್ದರು. ಮಾದರಿ ಆರಿಸುವುದು ಹೇಗೆ ಎಂದು ಯಾರಾದರೂ ಕೇಳಿದಾಗ ಈಗಲೂ ಆ ಕೈ ನೆನಪಾಗುತ್ತದೆ.

ಭಾಷೆಯ ಭಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪಿ.ಯು.ಸಿ.ವರೆಗೆ ಕನ್ನಡದಲ್ಲಿ ಓದಿದವರಿಗೆ ಅದು ಬೆಟ್ಟದಂತೆ ಕಾಣುತ್ತದೆ. ಆದರೆ ಮೇಜಿನ ಆಚೆ ಕೂತವರು ಹುಡುಕುವುದು ಸಣ್ಣ, ನೇರ, ಪೂರ್ಣ ವಾಕ್ಯ. ಅಲಂಕಾರದ ಪದಗಳನ್ನು ಕೋಚಿಂಗ್ ಸೆಂಟರುಗಳು ತುಂಬಿಸಿ ಕಳಿಸುತ್ತವೆ, ಹತ್ತು ಜನ ಬಂದು ಅದೇ ಹತ್ತು ವಾಕ್ಯ ಹೇಳುತ್ತಾರೆ, ಹನ್ನೊಂದನೆಯವರ ಮುಖವೇ ನಮಗೆ ನೆನಪಿರುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಸಾವಿರಾರು ರೂಪಾಯಿ ಕೊಟ್ಟು ಮಕ್ಕಳು ತಮ್ಮತನ ಅಳಿಸಿಕೊಂಡು ಬರುತ್ತಾರೆ. ದಿನಕ್ಕೆ ಹತ್ತು ನಿಮಿಷ, ಮನೆಯ ಒಂದು ವ್ಯವಹಾರವನ್ನು ಕನ್ನಡದಲ್ಲಿ ಯೋಚಿಸಿ ಐದು ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ. ಹಾಲು ಡೈರಿಯ ಹದಿನೈದು ದಿನದ ಬಟವಾಡೆ, ಸ್ವಸಹಾಯ ಸಂಘದ ಸಾಲದ ಕಂತು, ಮಾರ್ಚ್ ಕೊನೆಗೆ ಕಾಯಿ ಕೆಡವಿದವರಿಗೆ ಏಪ್ರಿಲಿನಲ್ಲಿ ಕೊಟ್ಟ ಕೂಲಿ. ಈ ಕೊನೆಯದೇ ಅಕ್ರೂಯಲ್. ಕೂಲಿ ಯಾವಾಗ ಕೊಟ್ಟಿರೋ ಇರಲಿ, ಕೆಲಸ ನಡೆದದ್ದು ಮಾರ್ಚಿನಲ್ಲಿ, ಖರ್ಚು ಮಾರ್ಚಿನದೇ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಎನ್ನಿ, ಆಮೇಲೆ ಹೇಗೆ ತಿಳಿದುಕೊಳ್ಳುತ್ತೀರಿ ಹೇಳಿ. ಲೆಕ್ಕದವರ ಮುಂದೆ ಊಹೆಯನ್ನು ಖಚಿತವೆಂದು ಹೇಳುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಕೆಲಸದ ಹೊರೆಯ ಮಾತನ್ನೂ ಮನೆಯವರು ಮೊದಲೇ ಆಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳು ಆಡಿಟಿನವರಿಗೆ ಹಗಲು ರಾತ್ರಿ ಒಂದೇ. ಅಮೆರಿಕದ ಕೆಲಸವಾದರೆ ಸಂಜೆಯ ಪಾಳಿ. 2024ರಲ್ಲಿ ಪುಣೆಯ ಯುವ ಲೆಕ್ಕಪರಿಶೋಧಕಿಯೊಬ್ಬರು ತೀರಿಕೊಂಡ ಮೇಲೆ ಈ ಸಂಸ್ಥೆಗಳ ದುಡಿಮೆಯ ಹೊತ್ತಿನ ಬಗ್ಗೆ ದೇಶವೆಲ್ಲ ಮಾತಾಡಿತು. ಆ ಮಾತು ನಿಲ್ಲಬಾರದಿತ್ತು ಎಂದು ನನಗನಿಸುತ್ತದೆ. ಕೆಲಸದ ಅವಧಿ, ರಾತ್ರಿ ಮನೆಗೆ ಬಿಡುವ ಗಾಡಿ, ರಜೆ ಇವನ್ನು ಕೇಳಿದರೆ ಕೆಲಸ ತಪ್ಪುತ್ತದೆ ಎಂದು ಹೆದರಬೇಡಿ. ಸರಿಯಾದ ಸಂಸ್ಥೆ ಉತ್ತರ ಕೊಡುತ್ತದೆ. ಈ ಸಂಸ್ಥೆಗಳಿಗೆ ಈಗಲೇ ಸೇರಬೇಕೆಂದೂ ಇಲ್ಲ, ಸಿ.ಎ. ದಾರಿಯೂ ಇದೆ. ಬಿ.ಕಾಂ.ನಲ್ಲಿ ಶೇ 55 ಬಂದವರು ಸಿ.ಎ. ಮೊದಲ ಮೆಟ್ಟಿಲಾದ ಫೌಂಡೇಷನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. 2023ರ ಹೊಸ ಪದ್ಧತಿಯಲ್ಲಿ ಸಿ.ಎ. ಕಚೇರಿಯ ಕಡ್ಡಾಯ ತರಬೇತಿಯಾದ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ತಿಪಟೂರಿನಲ್ಲೋ ತುಮಕೂರಿನಲ್ಲೋ ಸಣ್ಣ ಸಿ.ಎ. ಕಚೇರಿಯಲ್ಲಿ ಆ ಎರಡು ವರ್ಷ ಕಳೆದವರು ಮಂಡಿ ಲೆಕ್ಕ, ಸಹಕಾರ ಸಂಘ, ಜಿ.ಎಸ್.ಟಿ. ಎಲ್ಲದಕ್ಕೂ ಕೈ ಹಾಕಿರುತ್ತಾರೆ. ದೊಡ್ಡ ಸಂಸ್ಥೆಗೆ ಆಮೇಲೆ ಹೋದರೂ ನಷ್ಟವಿಲ್ಲ.

ಆ ಹುಡುಗಿ ಹೊರಡುವಾಗ ಅವಳ ತಾಯಿ ಬಂದಿದ್ದರು. "ರಾತ್ರಿ ಪಾಳಿ ಇರುತ್ತೇನಮ್ಮ?" ಎಂದು ನನ್ನನ್ನೇ ಕೇಳಿದರು. ಸಂದರ್ಶಕರನ್ನು ಅವಳೇ ಕೇಳಲಿ ಬಿಡಿ ಎಂದೆ.

ಗುರುವಾರ ಸಂಜೆ ರೈಲಿನಿಂದಲೇ ಫೋನು ಮಾಡಿದಳು. ಗದ್ದಲದಲ್ಲಿ ಅರ್ಧ ಕೇಳಿಸಿತು. ಅಪ್ಪನ ಬಗ್ಗೆ ಕೇಳಿದರಂತೆ. ಅಟ್ಟದ ವಿಷಯ ಹೇಳಿದಳಂತೆ. ಸಂದರ್ಶಕರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟು, ಎಷ್ಟು ಕಾಯಿಗೆ ಒಂದು ಕ್ವಿಂಟಲ್ ಎಂದು ವಿಚಾರಿಸಿದರಂತೆ. ಒಂದು ತೆರಿಗೆ ಪ್ರಶ್ನೆಗೆ ಗೊತ್ತಿಲ್ಲ ಎಂದಳಂತೆ. ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಎಂದಾಗ ಮೊದಲು ಪಾಳಿಯ ವಿಷಯ ಕೇಳಿ, ಆಮೇಲೆ ಇನ್ನೊಂದು ಕೇಳಿದ್ದಾಳೆ, ದಾಸ್ತಾನು ಎಣಿಸಲು ಮೊದಲ ವರ್ಷದವರನ್ನೂ ಕಳಿಸುತ್ತೀರಾ ಎಂದು.

"ಏನಂದ್ರು?"

"ಮಾರ್ಚ್ 31ಕ್ಕೆ ಯಾರನ್ನೂ ಬಿಡಲ್ಲ, ಎಲ್ಲರೂ ಗೋದಾಮಿಗೆ ಹೋಗಲೇಬೇಕು ಅಂದ್ರು ಮೇಡಂ. ನಿಟ್ಟೂರು ಬಂತು, ಇಳಿದು ಮಾಡ್ತೀನಿ."